ಎಣಿಕೆ ತಪ್ಪಿದ ತಿಂಗಳುಗಳು

1929ರ ಮಾರ್ಚ್ 4ರಂದು ವಾಷಿಂಗ್ಟನ್‌ನಲ್ಲಿ ಹರ್ಬರ್ಟ್ ಹೂವರ್ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ತಾರೀಖು ಹೊತ್ತು ಒಂದು ಚಿಕ್ಕ ಕಾಯ್ದೆಯೂ ಜಾರಿಗೆ ಬಂತು. ಗಡೀಪಾರಾದ ವಿದೇಶಿಯೊಬ್ಬ ಅನುಮತಿ ಇಲ್ಲದೆ ಮತ್ತೆ ದೇಶದೊಳಗೆ ಕಾಲಿಟ್ಟರೆ ಎರಡು ವರ್ಷದವರೆಗೆ ಜೈಲು, ಸಾವಿರ ಡಾಲರ್‌ವರೆಗೆ ದಂಡ, ಅಥವಾ ಎರಡೂ. ಅಧಿಕೃತ ದ್ವಾರ ಬಿಟ್ಟು ಬೇರೆಡೆಯಿಂದ ಮೊದಲ ಸಲ ನುಸುಳಿದವನಿಗೆ ಒಂದು ವರ್ಷದವರೆಗೆ. ಅಲ್ಲಿಯವರೆಗೆ, ಕೆಲವು ವರ್ಗಗಳ ಜನರನ್ನು ಬಿಟ್ಟರೆ, ಗಡಿ ದಾಟಿ ಮರಳಿದವನನ್ನು ಹಿಡಿದು ಮತ್ತೆ ಆಚೆಗೆ ಕಳಿಸುತ್ತಿದ್ದರು, ಅಷ್ಟೆ. ಆ ದಿನದಿಂದ ಅವನು ಅಪರಾಧಿಯಾದ.

ಕಾಯ್ದೆಯ ಹಿಂದಿದ್ದವರು ಸೌತ್ ಕ್ಯಾರೊಲಿನಾದ ಸೆನೆಟರ್ ಕೋಲ್‌ಮನ್ ಬ್ಲೀಸ್. ಬಿಳಿಯರ ಶ್ರೇಷ್ಠತೆಯನ್ನು ಬಹಿರಂಗವಾಗಿ ಸಾರುತ್ತಿದ್ದ, ಗವರ್ನರ್ ಆಗಿದ್ದಾಗ ಕರಿಯರನ್ನು ಗುಂಪುಗೂಡಿ ಕೊಲ್ಲುವುದನ್ನು ಸಮರ್ಥಿಸಿಕೊಂಡಿದ್ದ ಮನುಷ್ಯ. ಅಂದಿನ ಕಾಂಗ್ರೆಸ್‌ನಲ್ಲಿ ಎರಡು ಬಣಗಳ ನಡುವೆ ದೊಡ್ಡ ಜಗಳ ನಡೆದಿತ್ತು. 1924ರ ವಲಸೆ ಕಾಯ್ದೆ ದಕ್ಷಿಣ ಹಾಗೂ ಪೂರ್ವ ಯುರೋಪಿನವರಿಗೆ ಕಿರಿದಾದ ಕೋಟಾ ವಿಧಿಸಿ, ಏಷ್ಯಾದವರಿಗೆ ಬಾಗಿಲನ್ನೇ ಮುಚ್ಚಿತ್ತು. ಆದರೆ ಮೆಕ್ಸಿಕೋದಿಂದ ಬರುವವರಿಗೆ ಕೋಟಾ ಇರಲಿಲ್ಲ. ಟೆಕ್ಸಾಸಿನ ಜಾನ್ ಬಾಕ್ಸ್‌ನಂಥ ಸಂಸದರಿಗೆ ಇದು ಕಣ್ಣುರಿ. ಮೆಕ್ಸಿಕೋಗೂ ಕೋಟಾ ಬೇಕೆಂದು ಪಟ್ಟು ಹಿಡಿದರು. ಪಶ್ಚಿಮದ ಹತ್ತಿ, ಸಕ್ಕರೆ ಬೀಟ್, ಹಣ್ಣಿನ ದೊಡ್ಡ ಬೆಳೆಗಾರರು ಒಪ್ಪಲಿಲ್ಲ. ಸುಗ್ಗಿಗೆ ಅಗ್ಗದ ಕೈಗಳು ಬೇಕು, ಸುಗ್ಗಿ ಮುಗಿದ ಮೇಲೆ ಅವರು ಹೊರಟುಹೋಗಬೇಕು, ಇದು ಅವರ ಲೆಕ್ಕ. ಬ್ಲೀಸ್ ತಂದ ಮಸೂದೆ ಎರಡೂ ಬಣಗಳಿಗೆ ಒಗ್ಗಿತು. ಕೋಟಾ ಇರುವುದಿಲ್ಲ, ಆದರೆ ದಾಖಲೆ ಇಲ್ಲದೆ ದಾಟಿದವನು ಜೈಲಿಗೆ ಹೋಗುತ್ತಾನೆ. ಕೂಲಿಯವನು ಬೇಕಾದಾಗ ಸಿಗುತ್ತಾನೆ, ಬೇಡವಾದಾಗ ಅವನನ್ನು ಅಪರಾಧಿ ಎನ್ನಬಹುದು.

ಈ ಕಾಲದ ಬಗ್ಗೆ ಆಳವಾಗಿ ಸಂಶೋಧನೆ ಮಾಡಿರುವ ಇತಿಹಾಸಕಾರ್ತಿ ಕೆಲ್ಲಿ ಲೈಟಲ್ ಹರ್ನಾಂಡೆಜ್ ಪ್ರಕಾರ, 1930ರ ದಶಕ ಮುಗಿಯುವ ಹೊತ್ತಿಗೆ ಈ ಕಾಯ್ದೆಯಡಿ 44 ಸಾವಿರಕ್ಕೂ ಹೆಚ್ಚು ಮೊಕದ್ದಮೆಗಳು ದಾಖಲಾಗಿದ್ದವು. ಇಷ್ಟು ಜನರನ್ನು ಇಡುವುದೆಲ್ಲಿ? 1932ರಲ್ಲಿ ಎಲ್ ಪಾಸೋ ಬಳಿ ಲಾ ಟೂನಾ ಎಂಬ ಫೆಡರಲ್ ಜೈಲು ತೆರೆಯಿತು. 1952ರಲ್ಲಿ ಹೊಸ ವಲಸೆ ಕಾಯ್ದೆ ಬಂದಾಗ ಅಧ್ಯಕ್ಷ ಟ್ರೂಮನ್ ತಡೆಯೊಡ್ಡಿದರು. ಅವರ ತಡೆಯನ್ನು ಮೀರಿ ಕಾಂಗ್ರೆಸ್ ಅದನ್ನು ಅಂಗೀಕರಿಸಿತು. ಹಳೆಯ ಮರುಪ್ರವೇಶದ ಅಪರಾಧ ಅದರೊಳಗೆ 276ನೇ ಕಲಂ ಆಗಿ ಕೂತಿತು. ಇಂದು ಅಮೆರಿಕದ ಯಾವ ಫೆಡರಲ್ ಕೋರ್ಟಿಗೆ ಹೋದರೂ ಅದನ್ನು ಕಾನೂನು ಸಂಹಿತೆಯ ಎಣಿಕೆಯಂತೆ 1326ನೇ ಕಲಂ ಎನ್ನುತ್ತಾರೆ. ಗಡಿ ಜಿಲ್ಲೆಗಳ ಕೋರ್ಟುಗಳಲ್ಲಿ ಸರ್ಕಾರಿ ವಕೀಲರು, ಬಚಾವು ವಕೀಲರು, ದುಭಾಷಿಗಳು ಎಲ್ಲರೂ ದಿನಕ್ಕೆ ಹತ್ತಾರು ಸಲ ಉಚ್ಚರಿಸುವ ಸಂಖ್ಯೆ ಅದು.

ಈ ಅಪರಾಧವನ್ನು ರುಜುವಾತುಪಡಿಸುವುದು ಸುಲಭ. ಆರೋಪಿ ವಿದೇಶಿ, ಹಿಂದೆ ಗಡೀಪಾರಾಗಿದ್ದ, ಈಗ ಇಲ್ಲಿದ್ದಾನೆ, ಅನುಮತಿ ಪಡೆದಿಲ್ಲ. ಬೆರಳಚ್ಚು ಮತ್ತು ಹಳೆಯ ಗಡೀಪಾರಿನ ಆದೇಶ ಇದ್ದರೆ ಸಾಕು. ಹೀಗಾಗಿ ಬಹುಪಾಲು ಆರೋಪಿಗಳು ತಪ್ಪೊಪ್ಪಿಕೊಳ್ಳುತ್ತಾರೆ. ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ, ಅದಕ್ಕೇ ಬಂದೆ ಎಂದರೆ ಅದು ಕಾನೂನಿನ ದೃಷ್ಟಿಯಲ್ಲಿ ಪ್ರತಿವಾದವೇ ಅಲ್ಲ. ಮೇಲ್ಮನವಿಯಲ್ಲಿ ಎತ್ತಬಹುದಾದ ಪ್ರಶ್ನೆಗಳು ಎರಡೇ ಉಳಿಯುತ್ತವೆ: ಆ ಹಳೆಯ ಗಡೀಪಾರು ನ್ಯಾಯವಾಗಿ ನಡೆದಿತ್ತೇ? ಮತ್ತು, ಎಷ್ಟು ತಿಂಗಳ ಶಿಕ್ಷೆ ಸರಿ?

ಮೊದಲ ಪ್ರಶ್ನೆ 1984ರಲ್ಲಿ ನೆಬ್ರಾಸ್ಕಾದಿಂದ ಎದ್ದಿತು. ಅಕ್ಟೋಬರ್ 23ರಂದು ಇಬ್ಬರು ಮೆಕ್ಸಿಕನ್ನರನ್ನು ವಲಸೆ ಅಧಿಕಾರಿಗಳು ಬೇರೆ ಬೇರೆ ಕಡೆ ಹಿಡಿದು ಡೆನ್ವರ್‌ಗೆ ಸಾಗಿಸಿದರು. ಅಲ್ಲಿ 30ರಂದು ಅವರ ವಿಚಾರಣೆ ನಡೆಯಿತು, ಇನ್ನೂ 11 ಜನ ಮೆಕ್ಸಿಕನ್ನರ ಜೊತೆಗೆ, ಒಂದೇ ಗುಂಪಾಗಿ. ಗಡೀಪಾರಿನಿಂದ ವಿನಾಯಿತಿ ಕೇಳುವ ದಾರಿಯೊಂದು ಆಗ ಕಾನೂನಿನಲ್ಲಿತ್ತು. ವಲಸೆ ನ್ಯಾಯಾಧೀಶರು ಅದನ್ನು ಅವರಿಗೆ ಸರಿಯಾಗಿ ವಿವರಿಸಲಿಲ್ಲ. ಮೇಲ್ಮನವಿಯ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆಗೆ, ಏನು ಬಿಟ್ಟುಕೊಡುತ್ತಿದ್ದೇವೆಂದು ತಿಳಿಯದೆಯೇ ಹೂಂ ಎಂದರು. ಎಲ್ ಪಾಸೋಗೆ ಬಸ್ಸು, ಮರುದಿನ ಗಡಿಯಾಚೆ. ಕೈಗೊಂದು ಕಾಗದ ಕೊಟ್ಟಿದ್ದರು: ಅನುಮತಿ ಇಲ್ಲದೆ ಮರಳಿದರೆ ಅಪರಾಧ ಎಂದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಅಚ್ಚಾಗಿತ್ತು. ಎಚ್ಚರಿಕೆ ಎರಡು ಭಾಷೆಯಲ್ಲಿ ಮುಟ್ಟಿತು; ಹಕ್ಕು ಯಾವ ಭಾಷೆಯಲ್ಲೂ ಮುಟ್ಟಲಿಲ್ಲ.

ಡಿಸೆಂಬರ್ 12ರಂದು ಇಬ್ಬರೂ ಮತ್ತೆ ನೆಬ್ರಾಸ್ಕಾದಲ್ಲೇ ಸಿಕ್ಕಿಬಿದ್ದರು. ಈ ಸಲ 1326ನೇ ಕಲಮಿನ ಕ್ರಿಮಿನಲ್ ಮೊಕದ್ದಮೆ. ಆ ಗುಂಪು ವಿಚಾರಣೆಯೇ ಅನ್ಯಾಯ, ಅದರ ಮೇಲೆ ಜೈಲು ಶಿಕ್ಷೆ ಕಟ್ಟಬೇಡಿ ಎಂದು ಅವರ ವಕೀಲರು ವಾದಿಸಿದರು. ಗಡೀಪಾರಿನ ಆದೇಶ ಇದೆಯೋ ಇಲ್ಲವೋ ಅಷ್ಟೇ ನೋಡಬೇಕು, ಅದು ಸರಿಯಿತ್ತೇ ಎಂದು ಈಗ ಕೆದಕುವಂತಿಲ್ಲ ಎಂಬುದು ಸರ್ಕಾರದ ನಿಲುವು. 1987ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಆರೋಪಿಗಳ ಪರ ನಿಂತಿತು. ತೀರ್ಪು ಬರೆದವರು ಥರ್ಗುಡ್ ಮಾರ್ಷಲ್, ಆ ಪೀಠ ಏರಿದ ಮೊದಲ ಕರಿಯ ನ್ಯಾಯಮೂರ್ತಿ. ಒಂದು ಆಡಳಿತ ಕಚೇರಿಯ ನಿರ್ಣಯ ಮುಂದೆ ಒಬ್ಬನನ್ನು ಜೈಲಿಗೆ ಕಳಿಸುವುದಾದರೆ, ಆ ನಿರ್ಣಯವನ್ನು ಎಲ್ಲಾದರೂ ಒಂದು ಕಡೆ, ಒಬ್ಬ ನ್ಯಾಯಾಧೀಶನಾದರೂ ಪರಿಶೀಲಿಸುವ ಅವಕಾಶ ಇರಲೇಬೇಕು ಎಂಬುದು ಅದರ ತಿರುಳು. ಮೆಂಡೋಜಾ-ಲೋಪೆಜ್ ಪ್ರಕರಣವೆಂದು ಹೆಸರಾದ ಈ ತೀರ್ಪು ಈ ಕಲಮಿನ ಇತಿಹಾಸದಲ್ಲಿ ಆರೋಪಿಗಳಿಗೆ ಸಿಕ್ಕ ಅತಿ ದೊಡ್ಡ ಗೆಲುವು ಎಂದು ನನ್ನ ಎಣಿಕೆ.

ಬಾಗಿಲು ಹಾಗೇ ತೆರೆದಿರಲು ಕಾಂಗ್ರೆಸ್ ಬಿಡಲಿಲ್ಲ. 1996ರಲ್ಲಿ ಮೂರು ಷರತ್ತು ಹಾಕಿತು. ಆರೋಪಿ ಆಗಲೇ ಆಡಳಿತಾತ್ಮಕ ಮೇಲ್ಮನವಿಗಳನ್ನೆಲ್ಲ ಮಾಡಿ ಮುಗಿಸಿರಬೇಕು, ಕೋರ್ಟಿಗೆ ಹೋಗುವ ಅವಕಾಶ ಅವನಿಗೆ ತಪ್ಪಿರಬೇಕು, ಆದೇಶ ಮೂಲತಃ ಅನ್ಯಾಯದ್ದಾಗಿರಬೇಕು.

ಆ ವರ್ಷಗಳಲ್ಲಿ ಶಿಕ್ಷೆಯೂ ಏರುತ್ತಲೇ ಹೋಯಿತು. 1988ರ ಮಾದಕವಸ್ತು ವಿರೋಧಿ ಕಾಯ್ದೆ ಕೊಲೆ, ಮಾದಕವಸ್ತು ಸಾಗಣೆ, ಶಸ್ತ್ರಾಸ್ತ್ರ ಸಾಗಣೆಗಳನ್ನು ಸೇರಿಸಿ ‘ಉಲ್ಬಣ ಅಪರಾಧ’ ಎಂಬ ಹೊಸ ವರ್ಗ ಮಾಡಿತು. ಅಂಥ ಅಪರಾಧದ ನಂತರ ಗಡೀಪಾರಾಗಿ ಮರಳಿದರೆ 15 ವರ್ಷ. 1994ರಲ್ಲಿ ಅದು 20 ವರ್ಷವಾಯಿತು. 1996ರಲ್ಲಿ ವರ್ಗವನ್ನೇ ಎಷ್ಟು ಹಿಗ್ಗಿಸಿದರೆಂದರೆ, ಒಂದು ವರ್ಷದ ಶಿಕ್ಷೆ ಬಿದ್ದ ಕಳ್ಳತನವೂ ಅದರೊಳಗೆ ಬಂತು. ಮೂಲ ಅಪರಾಧಕ್ಕೆ ಗರಿಷ್ಠ ಎರಡೇ ವರ್ಷ, ಹಳೆಯ ಅಪರಾಧದ ದಾಖಲೆ ಸೇರಿದರೆ ಅದರ ಹತ್ತು ಪಟ್ಟು.

ಇಲ್ಲಿ ಹುಟ್ಟಿದ್ದೇ ಅಲ್ಮೆಂಡಾರೆಜ್-ಟೊರೆಸ್ ಪ್ರಕರಣ. 1995ರಲ್ಲಿ ದೋಷಾರೋಪಪಟ್ಟಿ ಸಲ್ಲಿಕೆಯಾದಾಗ ಅದರಲ್ಲಿ ಆರೋಪಿ ಮರಳಿ ಬಂದದ್ದಷ್ಟೇ ಇತ್ತು, ಹಳೆಯ ಅಪರಾಧಗಳ ಮಾತಿರಲಿಲ್ಲ. ಆತ ತಪ್ಪೊಪ್ಪಿಕೊಂಡ. ಶಿಕ್ಷೆ ಬಿದ್ದದ್ದು 85 ತಿಂಗಳು, ಅಂದರೆ ಏಳು ವರ್ಷಕ್ಕೂ ಮಿಗಿಲು. ಆರೋಪಪಟ್ಟಿಯಲ್ಲಿ ಹೇಳದ ಸಂಗತಿಗೆ ಎರಡು ವರ್ಷದ ಮೇಲೆ ಶಿಕ್ಷೆ ಕೊಡುವಂತಿಲ್ಲ ಎಂದು ಮೇಲ್ಮನವಿ ಹೋಯಿತು. 1998ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಐದು–ನಾಲ್ಕರಲ್ಲಿ ಅದನ್ನು ತಳ್ಳಿಹಾಕಿತು. ಹಳೆಯ ಶಿಕ್ಷೆಯೆಂಬುದು ಅಪರಾಧದ ಅಂಗವಲ್ಲ, ಶಿಕ್ಷೆಯ ಪ್ರಮಾಣ ನಿರ್ಧರಿಸುವ ಅಂಶ ಮಾತ್ರ, ಅದನ್ನು ಜ್ಯೂರಿಯ ಮುಂದೆ ಇಡಬೇಕಿಲ್ಲ ಎಂದು ನ್ಯಾಯಮೂರ್ತಿ ಬ್ರಯರ್ ಬರೆದರು. ಭಿನ್ನಮತ ಬರೆದ ಸ್ಕೇಲಿಯಾ ಜೊತೆ ಸ್ಟೀವನ್ಸ್, ಸೂಟರ್, ಗಿನ್ಸ್‌ಬರ್ಗ್ ಇದ್ದರು. ಐದನೆಯ ಮತ ಕ್ಲಾರೆನ್ಸ್ ಥಾಮಸ್ ಅವರದು. ಎರಡೇ ವರ್ಷದಲ್ಲಿ, 2000ದ ಅಪ್ರೆಂಡಿ ಪ್ರಕರಣದಲ್ಲಿ, ಥಾಮಸ್ ತಮ್ಮ ಮತ ತಪ್ಪಾಗಿತ್ತೆಂದು ಬರೆದರು. ಅಂದರೆ ಆ ಹಳೆಯ ತೀರ್ಪು ತಪ್ಪೆಂದು ಐದು ನ್ಯಾಯಮೂರ್ತಿಗಳು ನಂಬಿದ್ದ ಕಾಲವೊಂದು ಬಂತು. ಆದರೂ ಅದು ರದ್ದಾಗಲಿಲ್ಲ. ಶಿಕ್ಷೆಯ ಗರಿಷ್ಠ ಮಿತಿಯನ್ನು ಏರಿಸುವ ಯಾವುದೇ ಸಂಗತಿ ಜ್ಯೂರಿಯ ಮುಂದೆ ರುಜುವಾತಾಗಬೇಕೆಂದು ಅಪ್ರೆಂಡಿ ತೀರ್ಪು ಹೇಳಿತು, ಹಳೆಯ ಶಿಕ್ಷೆಯೊಂದನ್ನು ಬಿಟ್ಟು.

ಇನ್ನು ಎರಡನೆಯ ಪ್ರಶ್ನೆ, ತಿಂಗಳ ಲೆಕ್ಕ. ಇದಕ್ಕೆ ಫೆಡರಲ್ ಕೋರ್ಟುಗಳ ಶಿಕ್ಷಾ ಕೋಷ್ಟಕವನ್ನು ಹತ್ತಿರದಿಂದ ನೋಡಬೇಕು. 1987ರ ನವೆಂಬರಿನಲ್ಲಿ ಜಾರಿಗೆ ಬಂದ ಫೆಡರಲ್ ಮಾರ್ಗಸೂಚಿಗಳಲ್ಲಿ ಒಂದೇ ಪುಟದ ಪಟ್ಟಿಯಿದೆ. ಮೇಲಿಂದ ಕೆಳಕ್ಕೆ 43 ಸಾಲು, ಅದು ಅಪರಾಧದ ತೀವ್ರತೆ. ಎಡದಿಂದ ಬಲಕ್ಕೆ ಆರು ಅಂಕಣ, ಅದು ಆರೋಪಿಯ ಹಿಂದಿನ ಚರಿತ್ರೆ. ಬಸ್ ಕಂಡಕ್ಟರು ದರಪಟ್ಟಿಯಲ್ಲಿ ಹತ್ತಿದ ಊರು, ಇಳಿಯುವ ಊರು ನೋಡಿ ಟಿಕೆಟ್ ಹರಿಯುವಂತೆ, ಸಾಲೂ ಅಂಕಣವೂ ಕೂಡುವ ಮನೆಯಲ್ಲಿ ತಿಂಗಳುಗಳು ಬರೆದಿವೆ. ಮರುಪ್ರವೇಶಕ್ಕೆ ಮೂಲ ಅಂಕ 8. 1991ರಲ್ಲಿ ಈ ಮಾರ್ಗಸೂಚಿಗಳನ್ನು ರೂಪಿಸುವ ಆಯೋಗ, ಹಿಂದೆ ಉಲ್ಬಣ ಅಪರಾಧ ಮಾಡಿದವರಿಗೆ ಇದರ ಮೇಲೆ 16 ಅಂಕ ಸೇರಿಸಿತು. ಎಂಟಕ್ಕೆ ಹದಿನಾರು ಸೇರಿದರೆ ಇಪ್ಪತ್ನಾಲ್ಕು. ತಪ್ಪೊಪ್ಪಿಕೊಂಡದ್ದಕ್ಕೆ ಮೂರು ಕಳೆದರೆ ಇಪ್ಪತ್ತೊಂದು. 21ನೇ ಸಾಲಿನ ಆರನೇ ಅಂಕಣದಲ್ಲಿ 77ರಿಂದ 96 ತಿಂಗಳು. ಐದನೇ ಅಂಕಣದಲ್ಲಿ 70ರಿಂದ 87. ಮೊದಲನೆಯದರಲ್ಲಾದರೆ 37ರಿಂದ 46. 2005ರ ಸುಪ್ರೀಂ ಕೋರ್ಟಿನ ಬುಕರ್ ತೀರ್ಪಿನ ನಂತರ ಈ ಪಟ್ಟಿ ಕಡ್ಡಾಯವಲ್ಲ, ಸಲಹೆ ಮಾತ್ರ. ಆದರೆ ನ್ಯಾಯಾಧೀಶರು ಇಂದಿಗೂ ಮೊದಲು ಈ ಮನೆಯನ್ನು ಹುಡುಕಿಕೊಂಡೇ ಮಾತು ಶುರು ಮಾಡುತ್ತಾರೆ.

ಅಂಕಗಳನ್ನು ಎಣಿಸುವವರು ಪ್ರೊಬೇಷನ್ ಅಧಿಕಾರಿಗಳು. ಅವರ ವರದಿಯನ್ನು ಬಚಾವು ವಕೀಲರು ಓದಬೇಕು, ತಪ್ಪಿದ್ದರೆ ಆಕ್ಷೇಪ ಎತ್ತಬೇಕು. ಗಡಿ ಜಿಲ್ಲೆಗಳಲ್ಲಿ ಕಡತಗಳ ರಾಶಿ ಎಷ್ಟಿರುತ್ತದೆಂದರೆ ತಪ್ಪು ಕಣ್ತಪ್ಪುತ್ತದೆ. ತೀರ್ಪಾದ 14 ದಿನದೊಳಗೆ ಮೇಲ್ಮನವಿಯ ಸೂಚನೆ ಕೊಡಬೇಕು. ಕೆಳ ಕೋರ್ಟಿನಲ್ಲಿ ಆಕ್ಷೇಪಿಸದ ತಪ್ಪನ್ನು ಮೇಲೆ ಎತ್ತುವುದಾದರೆ ‘ಎದ್ದುಕಾಣುವ ತಪ್ಪು’ ಎಂಬ ಕಠಿಣ ಪರೀಕ್ಷೆ ದಾಟಬೇಕು. ತಪ್ಪು ಇರಬೇಕು, ಅದು ಸ್ಪಷ್ಟವಾಗಿರಬೇಕು, ಆರೋಪಿಯ ಹಕ್ಕಿಗೆ ಪೆಟ್ಟು ಬಿದ್ದಿರಬೇಕು, ಕೊನೆಗೆ ನ್ಯಾಯಾಲಯದ ಮೇಲಿನ ಜನರ ವಿಶ್ವಾಸಕ್ಕೇ ಧಕ್ಕೆ ಬರುವಂತಿರಬೇಕು.

ಟೆಕ್ಸಾಸಿನ ದಕ್ಷಿಣ ಜಿಲ್ಲೆಯಲ್ಲಿ ಮೊಲಿನಾ-ಮಾರ್ಟಿನೆಜ್ ಎಂಬಾತ ತಪ್ಪೊಪ್ಪಿಕೊಂಡಾಗ ವರದಿ ಅವನನ್ನು ಆರನೇ ಅಂಕಣದಲ್ಲಿ ಕೂರಿಸಿತು. ಸರ್ಕಾರ 96 ತಿಂಗಳು ಕೇಳಿತು. ಅವನ ವಕೀಲರು ಕನಿಷ್ಠವಾದ 77 ಕೊಡಿ ಎಂದರು. ನ್ಯಾಯಾಧೀಶರು 77 ಕೊಟ್ಟರು. ಐದನೇ ಸರ್ಕಿಟ್‌ನ ಮೇಲ್ಮನವಿ ಕೋರ್ಟಿನಲ್ಲಿ ಅವನ ವಕೀಲರು, ಈ ಪ್ರಕರಣದಲ್ಲಿ ವಾದಿಸಲು ಏನೂ ಉಳಿದಿಲ್ಲ ಎಂದು ಬರೆದುಕೊಟ್ಟು ಹಿಂದೆ ಸರಿಯಲು ಹೊರಟರು. ಇದು 1967ರ ಆಂಡರ್ಸ್ ತೀರ್ಪಿನಿಂದ ಬಂದ ಪದ್ಧತಿ. ಆಗ ಆರೋಪಿಗೆ ತಾನೇ ಉತ್ತರ ಬರೆಯುವ ಅವಕಾಶ ಇರುತ್ತದೆ. ಬಹಳ ಜನ ಬರೆಯುವುದಿಲ್ಲ. ಈತ ಬರೆದ. ತನ್ನ ಮೇಲಿನ ಐದು ಹಳೆಯ ಮನೆಗಳ್ಳತನದ ಶಿಕ್ಷೆಗಳೂ ಒಂದೇ ದಿನ ಬಿದ್ದಂಥವು, ಅವನ್ನು ಒಂದೇ ಶಿಕ್ಷೆಯೆಂದು ಎಣಿಸಬೇಕಿತ್ತು, ಪ್ರತ್ಯೇಕವಾಗಿ ಎಣಿಸಿದ್ದಾರೆ ಎಂದು. ಪ್ರೊಬೇಷನ್ ಅಧಿಕಾರಿ, ಸರ್ಕಾರಿ ವಕೀಲರು, ಬಚಾವು ವಕೀಲರು, ನ್ಯಾಯಾಧೀಶರು ಇಷ್ಟೂ ಜನರ ಕಣ್ಣಿಗೆ ಬೀಳದ್ದು ಶಿಕ್ಷೆ ಅನುಭವಿಸುತ್ತಿದ್ದವನ ಕಣ್ಣಿಗೆ ಬಿತ್ತು. ಈ ಕಲಮಿನ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ದಾಖಲೆ ಆ ಕೈದಿಯ ಉತ್ತರವೇ.

ಮೇಲ್ಮನವಿ ಕೋರ್ಟು ವಕೀಲರನ್ನು ಮತ್ತೆ ಕೆಲಸಕ್ಕೆ ಹಚ್ಚಿತು. ಅವನು ಕೂರಬೇಕಾದದ್ದು ಐದನೇ ಅಂಕಣದಲ್ಲಿ, 70ರಿಂದ 87 ತಿಂಗಳ ಮನೆಯಲ್ಲಿ. ತಪ್ಪಾದದ್ದು ನಿಜ ಎಂದು ಒಪ್ಪಿಯೂ ಕೋರ್ಟು ಪರಿಹಾರ ಕೊಡಲಿಲ್ಲ. 77 ಎಂಬುದು ಎರಡೂ ಮನೆಗಳೊಳಗೆ ಬರುತ್ತದಲ್ಲ, ಸರಿಯಾಗಿ ಎಣಿಸಿದ್ದರೆ ಕಡಿಮೆ ಶಿಕ್ಷೆ ಬೀಳುತ್ತಿತ್ತೆಂಬುದಕ್ಕೆ ಬೇರೆ ಪುರಾವೆ ಕೊಡು ಎಂದಿತು. ನ್ಯಾಯಾಧೀಶರ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಕೈದಿಯೊಬ್ಬ ಎಲ್ಲಿಂದ ಪುರಾವೆ ತರಬೇಕು? 2016ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಈ ನಿಯಮವನ್ನು ಒಮ್ಮತದಿಂದ ಹೊಡೆದುಹಾಕಿತು. ತಪ್ಪು ಮನೆಯಿಂದ ಹೊರಟ ಶಿಕ್ಷೆಯ ಮೇಲೆ ಆ ತಪ್ಪಿನ ಪ್ರಭಾವ ಬಿದ್ದೇ ಇರುತ್ತದೆ, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ ಎಂದು ನ್ಯಾಯಮೂರ್ತಿ ಕೆನಡಿ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಆ 16 ಅಂಕಗಳ ನಿಯಮವೂ ಮಾರ್ಗಸೂಚಿಯಿಂದ ಮರೆಯಾಯಿತು.

ಎರಡು ವರ್ಷದ ನಂತರ ಹೆಚ್ಚುಕಡಿಮೆ ಅವೇ ಅಂಕಿಗಳು ಮತ್ತೆ ಬಂದವು. ರೊಸಾಲೆಸ್-ಮಿರೆಲೆಸ್ ಪ್ರಕರಣದಲ್ಲಿ 2009ರ ಒಂದು ಸಣ್ಣ ಹಲ್ಲೆಯ ಶಿಕ್ಷೆಯನ್ನು ಪ್ರೊಬೇಷನ್ ವರದಿ ಎರಡು ಸಲ ಎಣಿಸಿತ್ತು. ಹಿಂದಿನ ಚರಿತ್ರೆಯ ಅಂಕ 11 ಆಗಬೇಕಿದ್ದದ್ದು 13 ಆಯಿತು, ಐದನೇ ಅಂಕಣ ಆರನೆಯದಾಯಿತು, ಶಿಕ್ಷೆ 78 ತಿಂಗಳಾಯಿತು. ಐದನೇ ಸರ್ಕಿಟ್ ಈ ಸಲ ಹಕ್ಕಿಗೆ ಪೆಟ್ಟು ಬಿದ್ದದ್ದನ್ನೂ ಒಪ್ಪಿತು. ಆದರೆ ಇದು ಜನಸಾಮಾನ್ಯರ ಅಂತಃಸಾಕ್ಷಿಯನ್ನು ಬೆಚ್ಚಿಬೀಳಿಸುವಂಥ ತಪ್ಪಲ್ಲ ಎಂದು ಕೈಬಿಟ್ಟಿತು. 2018ರ ಜೂನ್ 18ರಂದು ಸುಪ್ರೀಂ ಕೋರ್ಟ್ ಏಳು–ಎರಡರಲ್ಲಿ ಅದನ್ನು ತಿರುಗಿಸಿತು. ನ್ಯಾಯಮೂರ್ತಿ ಸೊಟೊಮಯೋರ್ ಬರೆದ ತೀರ್ಪಿನ ಪ್ರಕಾರ, ನ್ಯಾಯಾಲಯ ತಾನೇ ಮಾಡಿದ ಎಣಿಕೆಯ ತಪ್ಪಿನಿಂದ ಮನುಷ್ಯನೊಬ್ಬ ಅಗತ್ಯಕ್ಕಿಂತ ಹೆಚ್ಚು ಕಾಲ ಸೆರೆಯಲ್ಲಿರುವ ಸಂಭವವಿದ್ದರೆ, ಸಾಮಾನ್ಯವಾಗಿ ಅದನ್ನು ತಿದ್ದಲೇಬೇಕು. ಏಳೆಂಟು ತಿಂಗಳ ವ್ಯತ್ಯಾಸ ಚಿಕ್ಕದು ಎನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಹೊರಗೆ ಮಗು ಹುಟ್ಟಿ ಕೂರಲು ಕಲಿಯುವ ಕಾಲ ಅದು.

ಎಲ್ಲ ಕಥೆಗಳೂ ಹೀಗೆ ಮುಗಿಯಲಿಲ್ಲ. ಪಾಲೊಮಾರ್-ಸ್ಯಾಂಟಿಯಾಗೊ ಎಂಬಾತ 1990ರಿಂದ ಕಾಯಂ ನಿವಾಸಿಯಾಗಿದ್ದ. ಕುಡಿದು ವಾಹನ ಓಡಿಸಿದ ಅಪರಾಧ ‘ಉಲ್ಬಣ’ದ್ದೆಂದು ಹೇಳಿ 1998ರಲ್ಲಿ ಗಡೀಪಾರು ಮಾಡಿದರು. ಅಂಥ ಅಪರಾಧ ಆ ವರ್ಗಕ್ಕೆ ಸೇರುವುದೇ ಇಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಅಂದರೆ ಅವನನ್ನು ಕಳಿಸಿದ ಕಾರಣವೇ ಕಾನೂನಿನಲ್ಲಿ ಇರಲಿಲ್ಲ. 2017ರಲ್ಲಿ ಅವನು ಮರಳಿ ಬಂದಿರುವುದು ಗೊತ್ತಾಗಿ ಮೊಕದ್ದಮೆ ಬಿತ್ತು. ಕೆಳಗಿನ ಎರಡು ಕೋರ್ಟುಗಳು ಅವನ ಪರ ನಿಂತವು. 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವನ ವಿರುದ್ಧ ತೀರ್ಪಿತ್ತಿತು: 1996ರ ಮೂರು ಷರತ್ತೂ ಕಡ್ಡಾಯ, 1998ರಲ್ಲೇ ಮೇಲ್ಮನವಿ ಮಾಡಬೇಕಿತ್ತು. ಈ ತೀರ್ಪನ್ನು ಬರೆದವರೂ ಸೊಟೊಮಯೋರ್ ಅವರೇ. ಕಾಯ್ದೆಯ ಅಕ್ಷರ ಹಾಗಿದ್ದರೆ ನ್ಯಾಯಮೂರ್ತಿಗಳು ಹಾಗೆ ಬರೆಯಬೇಕಾದೀತು. ಆದರೆ ಆ ದಿನದ ನ್ಯಾಯಾಧೀಶರಿಗೇ ತಿಳಿಯದ ಕಾನೂನಿನ ತಪ್ಪನ್ನು ವಕೀಲನಿಲ್ಲದ ಮನುಷ್ಯ ಕಂಡುಹಿಡಿದು ಮೇಲ್ಮನವಿ ಹಾಕಬೇಕಿತ್ತು ಎನ್ನುವ ಕಾಯ್ದೆಯೇ ಅನ್ಯಾಯದ್ದು.

ಅದೇ ವರ್ಷದ ಆಗಸ್ಟ್‌ನಲ್ಲಿ ನೆವಾಡಾದ ಜಿಲ್ಲಾ ನ್ಯಾಯಾಧೀಶೆ ಮಿರಾಂಡಾ ಡು ಇನ್ನೊಂದು ಪ್ರಕರಣದಲ್ಲಿ ಇಡೀ 1326ನೇ ಕಲಂ ಸಂವಿಧಾನಬಾಹಿರ ಎಂದು ಸಾರಿದರು. ವಿಯೆಟ್ನಾಂನಿಂದ ಬಾಲ್ಯದಲ್ಲಿ ನಿರಾಶ್ರಿತೆಯಾಗಿ ಬಂದವರು ಅವರು. 1929ರ ಕಾಯ್ದೆಯ ಹಿಂದೆ ಜನಾಂಗ ದ್ವೇಷವಿತ್ತೆಂಬುದನ್ನು ಸರ್ಕಾರಿ ವಕೀಲರೂ ಅಲ್ಲಗಳೆಯಲಿಲ್ಲ. 1952ರಲ್ಲಿ ಹೊಸದಾಗಿ ಬರೆದಾಗ ಆ ಕಳಂಕ ತೊಳೆದುಹೋಯಿತು ಎಂದರು. ತೊಳೆದುಹೋಗಿಲ್ಲ ಎಂಬುದು ನ್ಯಾಯಾಧೀಶೆಯ ನಿರ್ಣಯ. 2023ರ ಮೇ ತಿಂಗಳಲ್ಲಿ ಒಂಬತ್ತನೇ ಸರ್ಕಿಟ್ ಅದನ್ನು ರದ್ದುಮಾಡಿತು.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಕೈಕೋಳ ತೊಡಿಸಿ ತಂದು ಅಮೃತಸರದಲ್ಲಿ ಇಳಿಸಿತು. ಸಾಲ ಮಾಡಿ, ಹೊಲ ಮಾರಿ ದಲ್ಲಾಳಿಗಳಿಗೆ ಲಕ್ಷಗಟ್ಟಲೆ ಸುರಿದು ಹೋದವರು ಇಂಥ ವಿಮಾನಗಳಲ್ಲಿರುತ್ತಾರೆ. ಸಾಲ ತೀರಿಸಲು ಮತ್ತೆ ಅದೇ ದಾರಿ ಹಿಡಿಯಬೇಕೆನಿಸಿದರೆ, ಮೊದಲ ಸಲ ಗಡೀಪಾರಷ್ಟೇ ಆದದ್ದು ಎರಡನೇ ಸಲ 1326ನೇ ಕಲಮಿನ ಜೈಲಾಗುತ್ತದೆ ಎಂಬುದನ್ನು ಆ ದಲ್ಲಾಳಿಗಳು ಹೇಳುವುದಿಲ್ಲ.

ಅಲ್ಮೆಂಡಾರೆಜ್-ಟೊರೆಸ್ ತೀರ್ಪು ಇನ್ನೂ ಜೀವಂತವಾಗಿದೆ. 2006ರಲ್ಲಿ ಅದನ್ನು ಮರುಪರಿಶೀಲಿಸಿ ಎಂದು ಬಂದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ನಿರಾಕರಿಸಿದಾಗ, 1998ರಲ್ಲಿ ಭಿನ್ನಮತದಲ್ಲಿದ್ದ ಸ್ಟೀವನ್ಸ್ ತೀರ್ಪು ತಪ್ಪೇ ಆದರೂ ಹಾಗೇ ಇರಲಿ ಎಂದು ಬರೆದರು. ಬಹುಮತದಲ್ಲಿದ್ದ ಥಾಮಸ್ ಅದನ್ನು ಈಗಲೇ ಕೈಗೆತ್ತಿಕೊಳ್ಳಬೇಕು ಎಂದು ವಿರೋಧಿಸಿದರು. 2024ರ ಜೂನ್‌ನಲ್ಲಿ ಅರ್ಲಿಂಗರ್ ಪ್ರಕರಣದಲ್ಲಿ ನ್ಯಾಯಾಲಯ ಅದರ ವ್ಯಾಪ್ತಿಯನ್ನು ಬಹಳ ಕಿರಿದಾಗಿ ಓದಿತು, ಆದರೆ ಕಿತ್ತುಹಾಕಲಿಲ್ಲ. ಟೆಕ್ಸಾಸಿನ ಸರ್ಕಾರಿ ಬಚಾವು ವಕೀಲರು ಮರುಪ್ರವೇಶದ ಮೇಲ್ಮನವಿಗಳಲ್ಲಿ ಆ ಆಕ್ಷೇಪವನ್ನು ಇಂದಿಗೂ ಬರೆಯುತ್ತಾರೆ, ಅದು ಪೂರ್ವನಿದರ್ಶನದ ಮುಂದೆ ನಿಲ್ಲುವುದಿಲ್ಲವೆಂದು ತಾವೇ ಒಪ್ಪಿಕೊಂಡು. ಐದನೇ ಸರ್ಕಿಟ್ ಚುಟುಕಾದ ಆದೇಶಗಳಲ್ಲಿ ಅವನ್ನು ವಜಾ ಮಾಡುತ್ತದೆ. ಮುಂದೊಂದು ದಿನ ಸುಪ್ರೀಂ ಕೋರ್ಟ್ ತನ್ನ ನಿಲುವು ಬದಲಿಸಿದರೆ ಅದರ ಲಾಭ ಸಿಗುವ ಸಾಧ್ಯತೆ ಇರುವುದು ಆಕ್ಷೇಪವನ್ನು ದಾಖಲಿಸಿಟ್ಟ ಕಕ್ಷಿದಾರನಿಗೆ. ಅದಕ್ಕಾಗಿ ಬರೆಯುತ್ತಲೇ ಇದ್ದಾರೆ.